ತೋಳು ಹೇಳುವ ಹಳೆಯ ಸುದ್ದಿ

ಸಕ್ಕರೆ ಕಾಯಿಲೆಯವರು ರಕ್ತ ನೋಡಿಕೊಳ್ಳಲು ಬೆರಳೇಕೆ ಚುಚ್ಚಬೇಕು, ಮುಂದೋಳಿಗೆ ಚುಚ್ಚಿದರೆ ಇರುವೆ ಕಚ್ಚಿದಷ್ಟೂ ನೋವಿಲ್ಲ ಎಂಬ ಉಪದೇಶ ಈಗ ಔಷಧದ ಅಂಗಡಿಯಲ್ಲೂ ಪುಕ್ಕಟೆ ಸಿಗುತ್ತದೆ. ಅರ್ಧ ಸತ್ಯದ ಈ ಉಪದೇಶವನ್ನು ನಾವು ಒಪ್ಪುವುದಿಲ್ಲ.

ನೋವು ಕಡಿಮೆ, ನಿಜ. ಆದರೆ ತೋಳಿನ ಚರ್ಮದಲ್ಲಿ ರಕ್ತದ ಓಟವೂ ನಿಧಾನ. ಊಟವಾಗಿ ಸಕ್ಕರೆ ಏರುವಾಗ, ಇನ್ಸುಲಿನ್ ತೆಗೆದುಕೊಂಡು ಅಥವಾ ಬಿರುಸಾಗಿ ನಡೆದು ಅದು ಇಳಿಯುವಾಗ, ಬೆರಳು ಈಗಿನ ಅಂಕಿ ಕೊಟ್ಟರೆ ತೋಳು 20-30 ನಿಮಿಷ ಹಿಂದಿನದನ್ನು ಕೊಡಬಹುದು. ನಮ್ಮ ಕಚೇರಿಯ ಕಡತಗಳ ಹಾಗೆ! ಕಡತ ತಡವಾದರೆ ಯಾರೂ ಮೂರ್ಛೆ ಹೋಗುವುದಿಲ್ಲ. ಊರಿಂದ ನಾವು ಕರೆಸಿಕೊಂಡ ತಾಯಿ, ಪಕ್ಕದ ಮನೆಯವರ ಭಾಷೆ ಬಾರದವರು, ಮಗ-ಸೊಸೆ ಆಫೀಸಿಗೆ ಹೋದಮೇಲೆ ಒಬ್ಬರೇ ಇರುತ್ತಾರೆ. ಸಕ್ಕರೆ 70ರ ಕೆಳಗಿಳಿದು ಬೆವರುತ್ತಿದ್ದಾರೆ, ತೋಳು ಮಾತ್ರ 95 ಎನ್ನುತ್ತಿದೆ. ಅದನ್ನು ನಂಬಿ ಅವರು ಮಲಗಿಬಿಟ್ಟರೆ? ಇಷ್ಟನ್ನು ಹೇಳದೆ ಯಂತ್ರ ಮಾರುವುದು ವ್ಯಾಪಾರ, ಉಪಕಾರವಲ್ಲ.

ತೋಳಿಗೆ ಬಹಿಷ್ಕಾರವೇನೂ ಬೇಡ. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಊಟಕ್ಕೆ ಮುಂಚೆ, ಸಕ್ಕರೆ ಸ್ಥಿರವಾಗಿರುವಾಗ ನೋಡಬಹುದು. ಎಲ್ಲ ಯಂತ್ರಗಳೂ ಅದಕ್ಕೆ ಒಗ್ಗುವುದಿಲ್ಲ, ಜೊತೆಗೆ ಬರುವ ಕೈಪಿಡಿ ಓದಬೇಕು. ಹೆಬ್ಬೆರಳ ಬುಡದ ಅಂಗೈಯಾದರೆ ಹೆಚ್ಚುಕಡಿಮೆ ಬೆರಳಿನಷ್ಟೇ ನಂಬಿಕಸ್ತ. ತೋಳು ತಿಕ್ಕಿ ಚುಚ್ಚಿದರೆ ಸಾಕೆನ್ನುವವರಿದ್ದಾರೆ. ಅಂತರ ತಗ್ಗೀತು, ಅಳಿಯದು. ಬೆರಳಿನ ನೋವಿಗೂ ಉಪಾಯವುಂಟು: ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿ, ಬೆರಳು ಬದಲಿಸಿ, ಪ್ರತಿಸಲ ಹೊಸ ಸೂಜಿ ಬಳಸಿ.

ಸಕ್ಕರೆ ಇಳಿದರೂ ಸುಳಿವೇ ತಿಳಿಯದವರು ತೋಳನ್ನು ನೆಚ್ಚಲೇಬಾರದು. ಬೆವರು, ನಡುಕ ಬಂದಾಗ ಎಲ್ಲರಿಗೂ ಬೆರಳೇ. ಅದಕ್ಕೂ ಪುರಸೊತ್ತಿಲ್ಲದಿದ್ದರೆ ಮೊದಲು ಸಕ್ಕರೆ ನೀರು, ಆಮೇಲೆ ಯಂತ್ರ.