ಗೇಟು ಯಾರನ್ನು ತಡೆಯಬೇಕು?

ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಟರ್ನ್‌ಸ್ಟೈಲ್ ಗೇಟು ಬರಲಿದೆಯಂತೆ. ಐಡಿ ಕಾರ್ಡ್ ತೋರಿಸಿದರೆ ಮಾತ್ರ ಒಳಗೆ ಪ್ರವೇಶ. ಹೊರಗಿನವರು ನುಗ್ಗಬಾರದು ಎಂಬುದು ಸರಿ. ಆದರೆ ಬೆಲೆಯೊಂದನ್ನೇ ನೋಡಿ ಗೇಟು ಆರಿಸಬಾರದು ಎನ್ನುವುದು ನನ್ನ ಅನಿಸಿಕೆ.

ಅಗ್ಗದ್ದು ಮೂರು ತೋಳಿನ ಟ್ರೈಪಾಡ್ ಗೇಟು. ಅದಕ್ಕೆ ಜಾಗವೂ ಕಡಿಮೆ ಸಾಕು. ಆದರೆ ಆ ಕಿರಿದಾದ ದಾರಿಯಲ್ಲಿ ಗಾಲಿಕುರ್ಚಿ ಹೋಗದು, ಊರುಗೋಲು ಹಿಡಿದವರಿಗೂ ಕಷ್ಟ. ಕೆಟ್ಟ ಉದ್ದೇಶದಿಂದ ಬಂದವನು ಮಾತ್ರ ಅದರ ಕೆಳಗೆ ಸುಲಭವಾಗಿ ನುಸುಳಬಲ್ಲ! ಹಾಗಾಗಿ ಕಾವಲುಗಾರ ಹೇಗೂ ಬೇಕು. ಮೆಟ್ರೊ ನಿಲ್ದಾಣದಲ್ಲಿ ಕಾಣುವ, ಪಕ್ಕಕ್ಕೆ ಸರಿಯುವ ಫ್ಲ್ಯಾಪ್ ಗೇಟು ದುಬಾರಿ; ಆದರೆ ಅದರಲ್ಲಿ ಅಗಲ ದಾರಿಯೂ ಸಿಗುತ್ತದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳ ಕಟ್ಟಡ ಅಂಗವಿಕಲರಿಗೂ ಮುಕ್ತವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ‘ನಿಮಗೆ ಹಿಂಬಾಗಿಲು ತೆರೆಯುತ್ತೇವೆ’ ಎನ್ನುವುದು ಗೌರವವಲ್ಲ.

ಸರತಿಯ ಲೆಕ್ಕವನ್ನೂ ಹಾಕಬೇಕು. ಒಬ್ಬರಿಗೆ ಎರಡು ಸೆಕೆಂಡ್ ಎಂದರೂ ಒಂದು ಗೇಟಿನಲ್ಲಿ ನಿಮಿಷಕ್ಕೆ 30 ಮಂದಿ. ಪರೀಕ್ಷೆಯ ದಿನ 300 ಮಂದಿ ಬಂದರೆ ಹತ್ತು ನಿಮಿಷ ಕಾಯಬೇಕು. ಬೆಂಕಿ ಬಿದ್ದರೆ? ಕರೆಂಟ್ ಹೋದ ಕೂಡಲೇ ಅಥವಾ ಅಲಾರಂ ಬಾರಿಸಿದ ಕ್ಷಣವೇ ತಾನಾಗಿ ತೆರೆದುಕೊಳ್ಳುವ ಗೇಟನ್ನೇ ಕೊಳ್ಳಬೇಕು. ಕಾರ್ಡಿನಿಂದ ದಾಖಲಾಗುವ ನಮ್ಮ ಓಡಾಟದ ಮಾಹಿತಿ ಎಷ್ಟು ದಿನ ಉಳಿಯುತ್ತದೆ, ಯಾರು ನೋಡುತ್ತಾರೆ ಎಂಬುದನ್ನೂ ಮೊದಲೇ ತಿಳಿಸಬೇಕು.

ಸ್ನೇಹಿತರೇ, ನಿಮ್ಮ ಕಾಲೇಜಿಗೂ ಗೇಟು ಬರುತ್ತಿದ್ದರೆ ಟೆಂಡರ್‌ಗೆ ಮುನ್ನವೇ ಈ ಪ್ರಶ್ನೆಗಳನ್ನು ಕೇಳಿ. ನಾಳೆ ಕೆಲಸಕ್ಕೆ ಸೇರುವ ಕಚೇರಿಯಲ್ಲೂ ಕೇಳಿ. ಅಪರಿಚಿತನನ್ನು ತಡೆಯುವ ಭರದಲ್ಲಿ ಗೇಟು ನಮ್ಮವರನ್ನೇ ಹೊರಗೆ ನಿಲ್ಲಿಸಬಾರದು.