ಲೇಸರ್ ಪಾಠಕ್ಕೆ ಕನ್ನಡ ಸಾಲದೇ?

ಹತ್ತನೆಯ ತರಗತಿ ಹತ್ತಿರವಾದಂತೆ ಹೊಸೂರು, ತಾಳವಾಡಿ ಕಡೆಯ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: ‘ಮೇಷ್ಟ್ರೇ, ಕನ್ನಡದಲ್ಲಿ ಓದಿದ ಮಗು ಮುಂದೆ ಎಂಜಿನಿಯರಿಂಗು, ಸಂಶೋಧನೆ ಅಂತ ಹೋದರೆ ನಿಭಾಯಿಸೀತೇ?’ ಕೇಳುವುದು ತಪ್ಪಲ್ಲ. ಆದರೆ ಸಂಶೋಧನೆ ಎಂದರೇನೆಂದು ಒಮ್ಮೆ ನೋಡಿ.

ಕೆನಡಾದ ಡೊನಾ ಸ್ಟ್ರಿಕ್‌ಲ್ಯಾಂಡ್ ಎಂಜಿನಿಯರಿಂಗ್ ಭೌತಶಾಸ್ತ್ರದ ಪದವಿ ಪಡೆದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಅತಿ ಕಿರಿದಾದ ಲೇಸರ್ ಮಿಡಿತದ ಶಕ್ತಿಯನ್ನು ಮಿತಿ ಮೀರಿ ಹೆಚ್ಚಿಸಿದರೆ, ಹೆಚ್ಚಿಸುವ ಗಾಜೇ ಹಾಳಾಗುತ್ತಿತ್ತು. ಅವರೂ ಅವರ ಗುರು ಜೆರಾರ್ ಮುರೂ ಅವರೂ 1985ರಲ್ಲಿ ಒಂದು ದಾರಿ ಕಂಡರು. ಮಿಡಿತವನ್ನು ಸುಮಾರು 1.4 ಕಿಲೋಮೀಟರ್ ಉದ್ದದ ಗಾಜಿನ ಎಳೆಯಲ್ಲಿ ಹಾಯಿಸಿದರು. ಅದರೊಳಗೆ ಉದ್ದ ಅಲೆಯ ಬೆಳಕು ಮುಂದೆ, ಗಿಡ್ಡ ಅಲೆಯದು ಹಿಂದೆ. ಓಟದ ಪಂದ್ಯದ ಮಕ್ಕಳ ಹಾಗೆ ಗುಂಪು ಚದುರಿತು, ತೀವ್ರತೆ ಇಳಿಯಿತು. ಆಗ ಶಕ್ತಿ ತುಂಬಿದರು. ಕೊನೆಗೆ ನವಿರು ಗೆರೆ ಕೊರೆದ ಎರಡು ಗ್ರೇಟಿಂಗ್ ಫಲಕಗಳಿಂದ ಮುಂದಿದ್ದವಕ್ಕೆ ದೂರದ ದಾರಿ, ಹಿಂದಿದ್ದವಕ್ಕೆ ಹತ್ತಿರದ ದಾರಿ ಕೊಟ್ಟು ಮತ್ತೆ ಕೂಡಿಸಿದರು. ಕಣ್ಣಿನ ಶಸ್ತ್ರಚಿಕಿತ್ಸೆಯ ಕೆಲವು ಲೇಸರ್‌ಗಳ ಹಿಂದೆ ಇದೇ ಉಪಾಯವಿದೆ. 2018ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಈ ಗುರು-ಶಿಷ್ಯೆಗೆ ಬಂತು. ಅದು ಆಕೆಯ ಮೊದಲ ಸಂಶೋಧನಾ ಲೇಖನ!

ಇಷ್ಟನ್ನೂ ನೀವು ಕನ್ನಡದಲ್ಲೇ ಓದಿದಿರಿ. ಗ್ರೇಟಿಂಗ್ ಎಂಬ ಮಾತು ತೊಡಕಾಯಿತೇ? ಹಳೆಯ ಸಿ.ಡಿ.ಯನ್ನು ಬಿಸಿಲಿಗೆ ಹಿಡಿದು ಮಗುವಿಗೆ ತೋರಿಸಿ. ಬಣ್ಣ ಬಿಚ್ಚುವುದು ಅಂಥ ಗೆರೆಗಳಿಂದಲೇ. ಕನ್ನಡ, ತಮಿಳು ಎರಡರಲ್ಲೂ ಓದಿದವನು ನಾನು. ‘ಬೆಳಕು’ ಎಂದರೂ ‘ಒಳಿ’ ಎಂದರೂ, ಪಟ್ಟಕ ಕೈಗೆ ಬಂದ ದಿನವೇ ನನಗೆ ಪಾಠ ಅರ್ಥವಾದದ್ದು.

ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ಸಂಶೋಧನಾ ಲೇಖನ ಓದಲು ಅದು ಬೇಕೇ ಬೇಕು. ಭಾಷೆಯಾಗಿ ಚೆನ್ನಾಗಿ ಕಲಿಸಲಿ. ಹನ್ನೊಂದರಲ್ಲಿ ಮಾಧ್ಯಮ ಬದಲಾದಾಗ ಮೊದಲ ಕೆಲವು ತಿಂಗಳು ಕಷ್ಟವೆಂಬುದೂ ನಿಜ. ಅದಕ್ಕಾಗಿ ಹತ್ತರಲ್ಲೇ ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸಬೇಕು. ನನ್ನ ಚಿಂತೆ ಬೇರೆ: ಕನ್ನಡ ಬಲ್ಲ ವಿಜ್ಞಾನ ಶಿಕ್ಷಕರಿಲ್ಲದ ಶಾಲೆ, ಬೀಗ ಬಿದ್ದ ಪ್ರಯೋಗದ ಬೀರು. ಮುಂದಿನ ಪೋಷಕರ ಸಭೆಯಲ್ಲಿ ಅಂಕ ಕೇಳುವ ಮೊದಲು, ಈ ವರ್ಷ ಮಕ್ಕಳು ಮಸೂರ, ಪಟ್ಟಕಗಳನ್ನು ಎಷ್ಟು ಸಲ ಮುಟ್ಟಿದ್ದಾರೆ ಎಂದು ಕೇಳಿ. ಉತ್ತರ ಬಾರದಿದ್ದರೆ ಶಿಕ್ಷಣ ಇಲಾಖೆಗೆ ಅರ್ಜಿ ಹಾಕಿ. ತಮಿಳಿನಲ್ಲಿ ಬರೆದುಕೊಡಲು ನಿಮ್ಮ ಮಕ್ಕಳೇ ಇದ್ದಾರೆ.