ಪರದೆಯ ಅಡಿಗೆ, ಹೋಟೆಲಿನ ಅಡಿಗೆ

1993ರಲ್ಲಿ ಜೀ ಟಿ.ವಿ.ಯಲ್ಲಿ ಆರಂಭವಾದ ‘ಖಾನಾ ಖಜಾನಾ’ದಿಂದ ದೇಶಕ್ಕೆಲ್ಲ ಪರಿಚಿತರಾದ ಸಂಜೀವ್ ಕಪೂರರು ಮುಂಬಯಿಯ ಸೆಂಟಾರ್ ಹೋಟೆಲಿನಲ್ಲಿ ಪಳಗಿದ ಬಾಣಸಿಗರು. ಅವರು ನಗುತ್ತ ಕಲಿಸಿದರು; ನೋಡಿದವರು ಮಾರನೆಯ ದಿನ ಮಾಡಿ ಉಂಡರು. 2017ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತುದು ಯೋಗ್ಯವೇ ಆಗಿದೆ.

2010ರಲ್ಲಿ ‘ಮಾಸ್ಟರ್‌ಶೆಫ್ ಇಂಡಿಯಾ’ ಬಂದಿತು, ಅಡಿಗೆಯು ಪಂದ್ಯವಾಯಿತು. ಗಡಿಯಾರದ ಓಟ, ವಾದ್ಯಘೋಷ, ಸೋತವರ ಕಣ್ಣೀರು ಇವುಗಳಿಗೆ ಒಗ್ಗರಣೆಗಿಂತ ಹೆಚ್ಚಿನ ಸ್ಥಾನ ದೊರೆಯಿತು. ಮೊದಲ ಸರಣಿಯನ್ನು ನಡೆಸಿಕೊಟ್ಟವರು ಚಿತ್ರನಟ ಅಕ್ಷಯ್ ಕುಮಾರ್. (ಅವರೂ ಒಮ್ಮೆ ಬ್ಯಾಂಕಾಕಿನಲ್ಲಿ ಅಡಿಗೆ ಕೆಲಸ ಮಾಡಿದವರೇ, ಕರೆ ಬಂದುದು ಮಾತ್ರ ಆ ಕಾರಣಕ್ಕಿರಲಾರದು.) ಗೆದ್ದವರು ಲಖನೌ ನಗರದ ಶಾಲಾ ಶಿಕ್ಷಕಿ ಪಂಕಜ್ ಭದೌರಿಯಾ. ಅವರ ಕೈಗುಣದಲ್ಲಿ ಸಂಶಯವಿಲ್ಲ.

ಆದರೆ ಈ ಪಂದ್ಯವು ಮನೆಯಡಿಗೆಯವರಿಗೆ ಮೀಸಲು. ಅಡಿಗೆಯಿಂದಲೇ ಹೊಟ್ಟೆ ಹೊರೆಯುವವನ ವಿದ್ಯೆಯು ಕ್ಯಾಮರಾಕ್ಕೆ ಒಗ್ಗುವಂಥದೂ ಅಲ್ಲ. ದಿಲ್ಲಿಯ ಚಳಿಗೆ ದೋಸೆಹಿಟ್ಟು ಹುಳಿ ಹಿಡಿಯದು. ಮುಂಬಯಿಯ ಸೆಕೆಗೆ ಬೇಗನೆ ಹುಳಿಯುವುದು. ಎರಡೂ ಕಡೆ ಬೆಳಗ್ಗೆ ಏಳಕ್ಕೆ ಹೊಯ್ದ ದೋಸೆಯೂ ರಾತ್ರಿ ಒಂಬತ್ತರದೂ ಒಂದೇ ಬಣ್ಣದ್ದಾಗಿರಬೇಕು. ಇಲ್ಲವಾದರೆ ಗಿರಾಕಿಯು ತಟ್ಟೆಯನ್ನು ಹಿಂದಕ್ಕೆ ತಳ್ಳುವನು. ಪ್ರೇಕ್ಷಕನಿಗಾದರೋ ರುಚಿ ನೋಡುವ ಉಪಾಯವಿಲ್ಲ. ತೀರ್ಪುಗಾರರ ಮುಖವನ್ನು ನೋಡಿಯೇ ತೃಪ್ತನಾಗಬೇಕು. ಬಾಣಸಿಗನೆಂದರೆ ಪರದೆಯವನೇ ಎಂಬ ಭಾವನೆ ಬೆಳೆದಲ್ಲಿ, ಕಾವಲಿಯ ಮುಂದೆ ಹತ್ತು ತಾಸು ನಿಲ್ಲುವವನು ಬರಿಯ ಕೂಲಿಯಾಗಿ ಉಳಿಯುವನು; ಸಂಬಳದ ಮಾತೆತ್ತಲೂ ಅವನಿಗೆ ಬಲವಿರದು.

ಬ್ರಿಟನ್ನಿನ ಬಿ.ಬಿ.ಸಿ.ಯು 2008ರಲ್ಲಿ ವೃತ್ತಿನಿರತ ಬಾಣಸಿಗರಿಗಾಗಿಯೇ ಬೇರೊಂದು ಪಂದ್ಯವನ್ನು ಆರಂಭಿಸಿತು. ನಮ್ಮ ವಾಹಿನಿಗಳು ಇದನ್ನು ಪರಿಶೀಲಿಸಬಹುದು. ಪರೀಕ್ಷೆ ಮಾತ್ರ ಒಂದು ತಟ್ಟೆಯದಾಗದೆ ನೂರು ದೋಸೆಯದಾಗಲಿ.